ಪರವಾಗಿಲ್ಲಕ್ಕೆ ಯಾವ ಬಣ್ಣ

ಕಥೆ ಹೇಳುವಾಗ ದೊಡ್ಡಮ್ಮನ ಕೈ ಸುಮ್ಮನಿದ್ದದ್ದೇ ಇಲ್ಲ. ಅವರೆಕಾಳು ಹಿಸುಕುತ್ತಲೋ, ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಲೋ ಅವಳು ಮೂರು ಬಾಗಿಲ ಕೋಟೆಯ ಬೀಗ ತೆಗೆಯುತ್ತಿದ್ದಳು. ಆ ಕೋಟೆಯ ಬುರುಜಿನ ಮೇಲೆ ಒಬ್ಬ ನಗಾರಿಯವನಿದ್ದ. ಮಹಾ ಪುಕ್ಕಲ. ಎಲೆ ಅಲುಗಿದರೂ ಬಾರಿಸುವನು, ನರಿ ಕೆಮ್ಮಿದರೂ ಬಾರಿಸುವನು. ನಗಾರಿ ಕೇಳಿದ್ದೇ ತಡ, ಕೆಳಗಿನ ಚಾವಡಿಯ ಗಿಡ್ಡ ಗೌಡ ಎದ್ದು ಕೂತು ಓಲೆಕಾರನನ್ನು ಅಟ್ಟುವನು. ಓಲೆಕಾರ ಹೊಳೆ ಈಜಿ ಹೋಗಿ, ಆಚೆ ದಡದಲ್ಲಿ ಟೋಪಿ ಹಾಕಿಕೊಂಡು ಕೂತ ಇಬ್ಬರು ಅಣ್ಣತಮ್ಮಂದಿರಿಗೆ ಸುದ್ದಿ ಮುಟ್ಟಿಸುವನು. ಅವರು ಕೂಗಿದರೆ ಕಣಜದ ಬಾಗಿಲು ತೆರೆದು ಧಾನ್ಯ ಬೀದಿಗೆ ಸುರಿಯುವುದು. ಯುದ್ಧಕ್ಕೆ ಹೊರಟ ದಂಡಿಗೆ ಊಟ ಬೇಕಲ್ಲ. ಆದರೆ ಯುದ್ಧವೆಲ್ಲಿ, ದಂಡೆಲ್ಲಿ? ಸುರಿದ ಧಾನ್ಯ ಬೀದಿಯಲ್ಲೇ ನೆನೆದು, ಮೊಳೆತು, ಕೊಳೆತು, ಕೋಟೆಯ ಕಲ್ಲನ್ನೇ ತಿನ್ನತೊಡಗಿತು. ಕಡೆಗೆ ಬೇಸತ್ತ ರಾಣಿ ತನ್ನ ರೇಷ್ಮೆ ಶಾಲು ತಂದು ನಗಾರಿಗೆ ಸುತ್ತಿಬಿಟ್ಟಳು.

ಆಮೇಲೇನಾಯಿತೆಂದು ಕುಮುದಿನಿಗೆ ಗೊತ್ತಿಲ್ಲ. ರಾಣಿ ಶಾಲು ಸುತ್ತುವ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿರುತ್ತಿತ್ತು.

ಇಪ್ಪತ್ತು ವರ್ಷದ ಮೇಲೆ, ಮೈಸೂರಿನ ಸಂಶೋಧನಾ ಸಂಸ್ಥೆಯೊಂದಕ್ಕೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಅವಳು ಆ ಕೋಟೆಯನ್ನು ಗುರುತು ಹಿಡಿದಳು. ಕರಾವಳಿ ಕಡೆಯ ಹಾರ್ಮೋನು ತಜ್ಞ ಡಾ. ವಾರಂಬಳ್ಳಿ ಹೊಸಬರಿಗೆ ಮಿದುಳಿನ ಚಿತ್ರ ತೋರಿಸುತ್ತಿದ್ದರು. ಅಪಾಯ ಕಂಡರೆ ಕೂಗುವ ಬಾದಾಮಿಯಾಕಾರದ ಭಾಗ, ಅದರ ಕೂಗಿಗೆ ಏಳುವ ಹೈಪೋಥಲಮಸ್, ಅದರ ಅಡಿಯಲ್ಲಿ ನೇತಾಡುವ ಬಟಾಣಿ ಗಾತ್ರದ ಪಿಟ್ಯುಟರಿ. ಅಲ್ಲಿಂದ ಹೊರಟ ಹಾರ್ಮೋನು ರಕ್ತದಲ್ಲಿ ತೇಲಿ ಹೋಗಿ, ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಗಳನ್ನು ಮುಟ್ಟುತ್ತದೆ. ಅವು ಕಾರ್ಟಿಸಾಲ್ ಸುರಿಸುತ್ತವೆ. ಕಾರ್ಟಿಸಾಲ್ ಬಂತೆಂದರೆ ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ನಿನ ಮಾತನ್ನು ಯಾರೂ ಕೇಳುವುದಿಲ್ಲ. ಹುಲಿ ಅಟ್ಟಿಸಿಕೊಂಡು ಬಂದಾಗ ಓಡಲು ಬೇಕಾದ ಏರ್ಪಾಡು ಅದು. ಹುಲಿ ಹೋಗಿ ಎಷ್ಟೋ ಕಾಲವಾಯಿತು. ನಗಾರಿ ಮಾತ್ರ ನಿಂತಿಲ್ಲ.

ಕುಮುದಿನಿ ಎದ್ದುನಿಂತು ದೊಡ್ಡಮ್ಮನ ಕಥೆ ಹೇಳಿದಳು. ವಾರಂಬಳ್ಳಿ ಕನ್ನಡಕ ತೆಗೆದು ಒರೆಸಿಕೊಂಡರು.

"ನಿನ್ನ ದೊಡ್ಡಮ್ಮ ಎಲ್ಲಿ ಎಂ.ಡಿ. ಮಾಡಿದ್ದು ಮಾರಾಯ್ತಿ?"

"ಸ್ಕೂಲಲ್ಲಿ ಬಿಸಿಯೂಟ ಮಾಡ್ತಾರೆ ಸರ್."

"ಅಡ್ಡಿಲ್ಲ. ನಾವು ಮಾಡ್ತಾ ಇರುದು ಆ ರಾಣಿಯ ಶಾಲನ್ನೇ."

ಶಾಲಿಗೆ ಅವರು ಇಟ್ಟ ಹೆಸರು ತಣ್ಣೋಲೆ. ಎಡಗಿವಿಯ ಒಳಬಟ್ಟಲಿಗೆ ಸಿಕ್ಕಿಸಿಕೊಳ್ಳುವ ಒಂದು ಪುಟ್ಟ ಓಲೆ, ತೋಳಿಗೆ ಅಂಟಿಸಿಕೊಳ್ಳುವ ಒಂದು ಪಟ್ಟಿ. ಪಟ್ಟಿ ಬೆವರಿನಲ್ಲಿರುವ ಕಾರ್ಟಿಸಾಲ್ ಅಳೆಯುತ್ತದೆ. ಏರುವ ಸೂಚನೆ ಕಂಡರೆ ಓಲೆ, ಕಿವಿಯ ಬಳಿ ಹಾದುಹೋಗುವ ನರದೊಳಕ್ಕೆ ಇರುವೆ ನಡೆದಷ್ಟು ಮೆಲ್ಲಗೆ ಮಿಡಿತಗಳನ್ನು ಕಳಿಸುತ್ತದೆ. ಮಿದುಳಿನ ಗಾಬರಿ ಇಳಿಯುತ್ತದೆ, ಹಿಂದೆಯೇ ಸಕ್ಕರೆ. ಯಂತ್ರವೊಂದನ್ನೇ ನಂಬಬಾರದೆಂದು ಇನ್ನೊಂದು ಕಾವಲು ಇಟ್ಟಿದ್ದರು. ದಿನಕ್ಕೆ ಮೂರು ಸಲ ಓಲೆಯೊಳಗಿಂದ ಒಂದು ದನಿ "ಹೇಗಿದ್ದೀರಿ?" ಎಂದು ಕೇಳುತ್ತದೆ. ಉತ್ತರ ಚೆನ್ನಾಗಿದ್ದರೆ ನಿಯಂತ್ರಣ ಕೊಠಡಿಯ ಗೋಡೆಯಲ್ಲಿ ಆ ವ್ಯಕ್ತಿಯ ದೀಪ ಹಸಿರು. ಅನುಮಾನವಿದ್ದರೆ ಹಳದಿ: ಮಿಡಿತ ಅರ್ಧ ಗಂಟೆ ನಿಲ್ಲುತ್ತದೆ, ನರ್ಸ್ ಫೋನ್ ಮಾಡುತ್ತಾಳೆ. ಕೆಂಪಾದರೆ ಆಂಬುಲೆನ್ಸ್.

ಯಾವ ಮಾತು ಯಾವ ಬಣ್ಣವೆಂದು ಯಂತ್ರಕ್ಕೆ ಕಲಿಸುವುದು ಕುಮುದಿನಿಯ ಕೆಲಸ.

ದೊಡ್ಡಮ್ಮ ಎಂದರೆ ದೇವೀರಮ್ಮ, ಕುಮುದಿನಿಯ ತಾಯಿಯ ಅಕ್ಕ. ತಾಯಿ ಹೋದಾಗ ನಾಲ್ಕು ವರ್ಷದ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬಂದವಳು ಇನ್ನೂ ಇಳಿಸಿಲ್ಲ ಎಂದು ಅಕ್ಕಪಕ್ಕದವರು ತಮಾಷೆ ಮಾಡುತ್ತಿದ್ದರು. ಈಗ ಐವತ್ತೆಂಟು. ಮೈಸೂರಿನ ಅಂಚಿನ ಸರ್ಕಾರಿ ಶಾಲೆಯಲ್ಲಿ ಇನ್ನೂರ ನಲವತ್ತು ಮಕ್ಕಳಿಗೆ ಅಡಿಗೆ. ಅವಳ ಹುಲಿಗೆ ಬಾಲವಿತ್ತು, ಗೋಡೆ ಹತ್ತುತ್ತಿತ್ತು. ಎಲ್ಲೋ ಒಂದು ಶಾಲೆಯಲ್ಲಿ ಸಾಂಬಾರಿಗೆ ಹಲ್ಲಿ ಬಿದ್ದ ಸುದ್ದಿ ಕೇಳಿದಂದಿನಿಂದ ಅವಳು ದಿನಕ್ಕೆ ಇಪ್ಪತ್ತು ಸಲ ಮುಚ್ಚಳ ಎತ್ತಿ ನೋಡುವಳು, ಮನೆಗೆ ಬಂದ ಮೇಲೂ ಎದೆ ಹಿಡಿದುಕೊಂಡು ಕೂರುವಳು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿದಳು, ಇನ್ಸುಲಿನ್ ಸೂಜಿ ಚುಚ್ಚಿಕೊಂಡಳು, ಮುದ್ದೆ ಅರ್ಧಕ್ಕೆ ಇಳಿಸಿದಳು. ಸಕ್ಕರೆ ಮುನ್ನೂರರ ಕೆಳಗೆ ಬರಲಿಲ್ಲ. ಪಾದದ ಹುಣ್ಣು ಮಾಯಲಿಲ್ಲ. ಎಡಗಣ್ಣಿಗೆ ಮಂಜು ಕವಿಯಿತು.

ತಣ್ಣೋಲೆಯ ಮೊದಲ ಪ್ರಯೋಗಕ್ಕೆ ಮುನ್ನೂರ ಹನ್ನೆರಡು ಜನ ಬೇಕಿತ್ತು. ಕುಮುದಿನಿ ದೊಡ್ಡಮ್ಮನ ಹೆಸರು ಸೇರಿಸಿದಳು. ನಲವತ್ತೇಳನೆಯ ದೀಪ.

ಯಂತ್ರಕ್ಕೆ ಮಾತು ಕಲಿಸಲು ಊರೂರು ತಿರುಗಿ ಹನ್ನೊಂದು ಸಾವಿರ ಉತ್ತರಗಳನ್ನು ಧ್ವನಿಮುದ್ರಿಸಿ ತಂದಿದ್ದರು. "ಆರಾಮ ಅದೀನ್ರಿ" ಹಸಿರು. "ಚೂರು ಸುಸ್ತು" ಹಳದಿ. "ಕಣ್ಣು ಕತ್ಲೆ ಬರ್ತಿದೆ" ಕೆಂಪು. ಅವು ಸುಲಭದವು. ಮೂರು ಸಾವಿರಕ್ಕೂ ಹೆಚ್ಚು ಜನ ಒಂದೇ ಮಾತು ಹೇಳಿದ್ದರು: ಪರವಾಗಿಲ್ಲ.

ಕುಮುದಿನಿ ಮೊದಲು ಅದಕ್ಕೆ ಹಳದಿ ಕೊಟ್ಟಳು. ಕೊಟ್ಟ ದಿನವೇ ಪರೀಕ್ಷಾರ್ಥ ಗೋಡೆ ಅರಿಸಿನ ಚೆಲ್ಲಿದಂತಾಯಿತು. ನಾಲ್ಕು ಜನ ನರ್ಸ್‌ಗಳು ಸಂಜೆಯವರೆಗೆ ಫೋನ್ ಹಿಡಿದು ಕೂತರು. ಎಲ್ಲ ಕಡೆಯಿಂದಲೂ "ಅಯ್ಯೋ ಏನಿಲ್ಲಮ್ಮ, ಪರವಾಗಿಲ್ಲ" ಎಂಬ ಅದೇ ಉತ್ತರ.

"ಹೀಗಾದರೆ ಪ್ರಯೋಗ ಶುರು ಮಾಡುದು ಮುಂದಿನ ವರ್ಷವೇ," ಎಂದರು ವಾರಂಬಳ್ಳಿ. "ನಮ್ಮ ಕಡೆ ಅಡ್ಡಿಲ್ಲ ಅಂದರೆ ಅಡ್ಡಿಲ್ಲ, ಮುಗಿಯಿತು. ನಿಮ್ಮ ಕಡೆ ಪರವಾಗಿಲ್ಲ ಅಂದರೆ ಎಂತ? ಚಂದ ಇದ್ದೇನೆ ಅಂತಲಾ, ಇಲ್ಲ ಅಂತಲಾ? ನೀನು ಆ ಕಡೆಯವಳು. ನೀನೇ ಹೇಳು, ನಾನು ಸಹಿ ಹಾಕ್ತೇನೆ."

ಆ ಮಾತು ಅವಳಿಗೆ ಗೊತ್ತಿದ್ದಷ್ಟು ಯಾರಿಗೆ ಗೊತ್ತು? ಉಳಿದ ಕೊನೆಯ ಮುದ್ದೆಯನ್ನು ದೊಡ್ಡಮ್ಮ ಕುಮುದಿನಿಯ ತಟ್ಟೆಗೆ ನೂಕಿದಾಗ "ನಿಂಗೆ ದೊಡ್ಡಮ್ಮ?" ಎಂದರೆ ಬಂದ ಉತ್ತರ ಅದು. ಮಳೆಗೆ ಸೋರುವ ಕಡೆ ತಾನು ಮಲಗಿ "ಪರವಾಗಿಲ್ಲ ಮಗ, ನೀ ಮನಿಕೊ" ಎಂದ ಮಾತು ಅದು. ಸುಟ್ಟ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಕ್ಕ ಮಾತು. ಕುಮುದಿನಿ ಕಿಟಕಿಯಾಚೆ ನೋಡಿದಳು. ನೋಡಿದಾಗ ಕಂಡದ್ದು ದೊಡ್ಡಮ್ಮನ ಪಾದದ ಹುಣ್ಣು. ಇನ್ನೊಂದು ವರ್ಷ ಕಾಯುವ ಪಾದವಲ್ಲ ಅದು.

"ಹಸಿರು ಸರ್," ಎಂದಳು. ಒಂದು ಗುಂಡಿ ಒತ್ತಿದಳು. ಗೋಡೆ ಭತ್ತದ ಗದ್ದೆಯಂತೆ ಹಸಿರಾಯಿತು.

ಆಮೇಲಿನ ಎರಡು ತಿಂಗಳು ಮನೆಯಲ್ಲಿ ಹಬ್ಬವಿಲ್ಲದೆಯೂ ಹಬ್ಬ. ದೊಡ್ಡಮ್ಮ ಎದೆ ಹಿಡಿದುಕೊಳ್ಳುವುದು ಬಿಟ್ಟಳು. ಹುಣ್ಣು ಒಣಗಿ ಪೊರೆ ಬಂತು. ಬೆಳಗಿನ ಸಕ್ಕರೆ ನೂರ ಮೂವತ್ತಕ್ಕೆ ಇಳಿದಾಗ ಕುಮುದಿನಿ ಬೆರಳು ಚುಚ್ಚುವ ಯಂತ್ರ ಕೆಟ್ಟಿದೆಯೆಂದು ತನ್ನ ಬೆರಳನ್ನೂ ಚುಚ್ಚಿಕೊಂಡು ನೋಡಿದಳು.

"ಈ ಓಲೆ ಕೊಟ್ಟೋನು ಚೆಂದಾಗಿರ್ಲಿ," ಎಂದಳು ದೊಡ್ಡಮ್ಮ. "ಕೆಂಪಾಜಿ ಏನಂತಾಳೆ ಗೊತ್ತಾ? ಒಂದೇ ಕಿವಿಗೆ ಮಾಡ್ಸವ್ಳೆ ನಿನ್ ಮಗ್ಳು, ಜಿಪುಣಿ ಅಂತ."

ಕೆಂಪಾಜಮ್ಮ ಅವಳ ಜೊತೆ ಅಡಿಗೆ ಮಾಡುವವಳು. ಅವಳೇ ಒಂದು ಭಾನುವಾರ ಮನೆಗೆ ಬಂದಾಗ, ದೊಡ್ಡಮ್ಮ ಕಾಫಿಗೆ ಎದ್ದು ಹೋದ ಹೊತ್ತು ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು: "ಈಗೀಗ ನಿಮ್ಮ ದೊಡ್ಡವ್ವ ಮುಚ್ಚಳ ಎತ್ತಿ ನೋಡೋದೇ ಇಲ್ಲ ಕಣವ್ವ. ನಾನೇ ನೋಡ್ತೀನಿ. ಅಷ್ಟು ನಿರುಂಬಳ ಆಗ್ಬಾರ್ದು ಮನ್ಸ."

ಕುಮುದಿನಿ ನಕ್ಕಳು. ಮುಚ್ಚಳ ಎತ್ತದಿರುವುದೇ ಗುಣವೆಂದುಕೊಂಡಳು. ಸೂಜಿಯ ಪ್ರಮಾಣವನ್ನು ವಾರಂಬಳ್ಳಿ ಎರಡು ಸಲ ಇಳಿಸಿದ್ದರು. ಮೂರನೆಯ ಸಲ ಇಳಿಸುವುದು ಬರುವ ಸೋಮವಾರ.

ಅದಕ್ಕೆ ಮುಂಚಿನ ಗುರುವಾರ ಶಾಲೆಯಲ್ಲಿ ಕ್ರೀಡಾಕೂಟ. ಪಕ್ಕದ ಶಾಲೆಗಳಿಂದ ಅರವತ್ತು ಮಕ್ಕಳು ಹೆಚ್ಚಿಗೆ ಬಂದಿದ್ದರು. ದೊಡ್ಡಮ್ಮ ಬೆಳಿಗ್ಗೆ ಸೂಜಿ ಚುಚ್ಚಿಕೊಂಡು, ಎರಡು ಇಡ್ಲಿ ತಿಂದು ಹೋದವಳು. ಬಡಿಸುವವರು ಕಡೆಗೆ ಉಣ್ಣುವುದು ಅವಳ ಲೆಕ್ಕದಲ್ಲಿ ಉಸಿರಾಟದಷ್ಟೇ ಸಹಜ. ಆ ದಿನ ಕಡೆಗೆ ಅನ್ನ ಉಳಿಯಲಿಲ್ಲ.

ನಿಯಂತ್ರಣ ಕೊಠಡಿಯಲ್ಲಿ ಕುಮುದಿನಿ ತನ್ನ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ಡಬ್ಬಿಯಲ್ಲಿ ದೊಡ್ಡಮ್ಮ ಬೆಳಿಗ್ಗೆ ಮಾಡಿಕೊಟ್ಟ ಹಿತಕಿದ ಅವರೆಯ ಉಪ್ಪಿಟ್ಟು. ಒಂದು ಗಂಟೆ ಹತ್ತು ನಿಮಿಷಕ್ಕೆ ಓಲೆಗಳೆಲ್ಲ ಒಟ್ಟಿಗೆ ಪ್ರಶ್ನೆ ಕೇಳಿದವು. ಗೋಡೆಯ ತುಂಬ ಉತ್ತರಗಳು ಅಕ್ಷರವಾಗಿ ಓಡಿದವು. ನಲವತ್ತೇಳನೆಯದು: "ಪರವಾಗಿಲ್ಲ." ಹಸಿರು. ಕುಮುದಿನಿ ಆ ದೀಪಕ್ಕೆ ಚಮಚ ಎತ್ತಿ ತೋರಿಸಿ, ಒಂದು ತುತ್ತು ಹೆಚ್ಚಿಗೆ ತಿಂದಳು.

ಎರಡಕ್ಕೆ ಹತ್ತು ನಿಮಿಷವಿರುವಾಗ ಫೋನ್ ಬಂತು. ಕೆಂಪಾಜಮ್ಮ.

"ಕುಮುದವ್ವ, ನಿಮ್ಮ ದೊಡ್ಡವ್ವ ಒಂಥರಾ ಆಡ್ತಾವ್ಳೆ. ಮಜ್ಜಿಗೆ ಮೇಲೆ ಪಾಯಸ ಬಡಿಸುದ್ಲು. ಐಕ್ಳು ನಕ್ಕೊ. ಅವ್ಳೂ ನಕ್ಲು. ಖಾಲಿ ಕೊಳಗ ಕೆದಕ್ತಾ ನಿಂತಿದ್ಲು. ಈಗ ನಲ್ಲಿ ತಾವ ಕುಸ್ದವ್ಳೆ, ಕರುದ್ರೆ ಏಳ್ತಿಲ್ಲ."

"ಬೆವರು ಇದೆಯಾ? ಕೈ ನಡುಗ್ತಿದೆಯಾ?"

"ಇಲ್ಲ ಕಣವ್ವ. ಮೈಯೆಲ್ಲ ಒಣಗ್ದಂಗದೆ. ನಿದ್ದೆ ಮಾಡೋರಂಗೆ ತಣ್ಣಗವ್ಳೆ."

ಕುಮುದಿನಿ ತಲೆಯೆತ್ತಿದಳು. ಗೋಡೆಯ ಮೇಲೆ ನಲವತ್ತೇಳು ಹಸಿರಾಗಿ ಉರಿಯುತ್ತಿತ್ತು.

ಆ ಒಂದು ಗಳಿಗೆಯಲ್ಲಿ ಅವಳಿಗೆ ಎಲ್ಲವೂ ತಿಳಿಯಿತು. ಸಕ್ಕರೆ ಏರಿದಾಗ ಮಾತ್ರ ನಗಾರಿ ಬೇಡವಾದದ್ದು. ಸಕ್ಕರೆ ತೀರಾ ಇಳಿದಾಗ ಮಿದುಳನ್ನು ಉಳಿಸುವುದೂ ಅದೇ ನಗಾರಿ. ಎದೆ ಬಡಿದು, ಕೈ ನಡುಗಿ, ಬೆವರು ಕಿತ್ತು ಬಂದು ಏನಾದರೂ ತಿನ್ನು ಎಂದು ಮೈ ಕೂಗಿಕೊಳ್ಳುತ್ತದೆ. ಅದೇ ಹಾರ್ಮೋನುಗಳು ಕಣಜ ಒಡೆದು ಸಕ್ಕರೆ ಕೊಡುತ್ತವೆ. ಆ ಕೂಗಿಗೆ ಅವರು ಬಟ್ಟೆ ಸುತ್ತಿದ್ದರು. ಬೆವರು ಬರಲಿಲ್ಲವಾಗಿ ತೋಳಿನ ಪಟ್ಟಿಗೆ ಓದಲು ಏನೂ ಸಿಗಲಿಲ್ಲ. ಸಿಗದ್ದನ್ನು ಅದು ನೆಮ್ಮದಿ ಎಂದು ಬರೆದುಕೊಂಡಿತು. ಉಳಿದಿದ್ದ ಕಾವಲು ಒಂದು ಮಾತು. ಆ ಮಾತಿಗೆ ಬಣ್ಣ ಹಚ್ಚಿದ್ದು ಅವಳು.

"ಮೊದ್ಲು ಓಲೆ ಕಿತ್ತಾಕಿ," ಎಂದಳು. "ಬೆಲ್ಲ ಇದೆಯಾ? ಪುಡಿ ಮಾಡಿ ನೀರಲ್ಲಿ ಕಲಸಿ ವಸಡಿಗೆ ಸವರಿ. ನುಂಗಿಸ್ಬೇಡಿ, ಕುಡಿಸ್ಬೇಡಿ, ಸವರಿ ಅಷ್ಟೆ. ಒಂದು ಮಗ್ಗುಲಿಗೆ ಮಲಗಿಸಿ. ಗಾಡಿ ಕಳಿಸ್ತಿದೀನಿ."

"ಪಾಯಸಕ್ಕೆ ತಂದಿದ್ದ ಬೆಲ್ಲ ಅದೆ," ಎಂದಳು ಕೆಂಪಾಜಮ್ಮ. "ಅಷ್ಟು ಬೆಲ್ಲ ಕೈಲಿಟ್ಕೊಂಡು ಒಂದು ಚೂರು ಬಾಯಿಗಾಕ್ಕೊಂಡಿಲ್ಲ ನೋಡು ಇವ್ಳು."

ಆಸ್ಪತ್ರೆಯಲ್ಲಿ ದೊಡ್ಡಮ್ಮ ಮೂರನೆಯ ದಿನ ಕಣ್ಣು ಬಿಟ್ಟಳು. ನರ್ಸ್ ಬಗ್ಗಿ ಹೇಗಿದ್ದೀರಮ್ಮ ಎಂದಳು. ಒಣಗಿದ ತುಟಿ ಅಲುಗಿತು. ಬಾಗಿಲಲ್ಲಿ ನಿಂತಿದ್ದ ಕುಮುದಿನಿಗೆ ಮಾತು ಕೇಳಿಸಲಿಲ್ಲ. ತುಟಿ ಅಲುಗಿದ ಬಗೆಯಲ್ಲೇ ಅದೇ ಮಾತೆಂದು ಗೊತ್ತಾಯಿತು.

ಮಿದುಳು ಹಸಿದದ್ದು ತುಸು ಹೆಚ್ಚೇ ಹೊತ್ತು ಎಂದರು ಅಲ್ಲಿನ ವೈದ್ಯರು. ಎಡಗೈಯ ಎರಡು ಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಕೆಲವು ಹೆಸರುಗಳು ಜಾರಿಹೋಗಿದ್ದವು. ಕೆಂಪಾಜಮ್ಮನನ್ನು ದೊಡ್ಡಮ್ಮ ಎರಡು ದಿನ "ನಮ್ ಅಡಿಗೆಯೋಳು" ಎಂದೇ ಕರೆದಳು. "ನೀನೇನ್ ಮೈಸೂರು ಮಹಾರಾಣಿಯಾ?" ಎಂದು ಕೆಂಪಾಜಮ್ಮ ರೇಗಿಸಿ, ಹೊರಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂಸ್ಥೆಯಲ್ಲಿ ಒಂಬತ್ತು ಜನರ ಸುರಕ್ಷತಾ ಸಮಿತಿ ಕೂತಿತು. ವರದಿಯ ಕರಡು ವಾರಂಬಳ್ಳಿಯವರೇ ಬರೆದದ್ದು. ಕಾರಣ ಎಂಬಲ್ಲಿ ಒಂದೇ ಸಾಲು: ಬಳಕೆದಾರರು ಊಟದ ವೇಳೆ ಪಾಲಿಸಿಲ್ಲ.

ಕುಮುದಿನಿ ಆ ಸಾಲನ್ನು ನಾಲ್ಕು ಸಲ ಓದಿದಳು. ಸುಳ್ಳಲ್ಲ. ಅದರ ಕೆಳಗೆ ಸಹಿ ಹಾಕಿದರೆ ತಪ್ಪು ಸೀದಾ ದೊಡ್ಡಮ್ಮನ ಮಡಿಲಿಗೆ ಹೋಗಿ ಬೀಳುತ್ತದೆ. ಕೊನೆಯ ಮುದ್ದೆಯಂತೆಯೇ. ಅವಳು ಅದನ್ನೂ ತಗೊಂಡು ಪರವಾಗಿಲ್ಲ ಎನ್ನುತ್ತಾಳೆ.

"ಸರ್, ಈ ಸಾಲು ಹೊಡೆದಾಕ್ಬೇಕು," ಎಂದಳು. "ಒಂದು ಹತ್ತಕ್ಕೆ ಅವರು ಉತ್ತರ ಕೊಟ್ಟಿದ್ರು. ಆ ಉತ್ತರಕ್ಕೆ ಮೊದ್ಲು ಹಳದಿ ಇತ್ತು. ನಾನು ಹಸಿರು ಮಾಡ್ದೆ."

"ನಿಂಗೆ ಅರ್ಥ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ."

"ನಂಗೆ ಗೊತ್ತಿತ್ತು."

ವಾರಂಬಳ್ಳಿ ಪೆನ್ನಿನ ಮುಚ್ಚಳವನ್ನು ತೆಗೆದರು, ಹಾಕಿದರು, ತೆಗೆದರು. ಆಮೇಲೆ ಆ ಸಾಲಿನ ಮೇಲೆ ಗೆರೆ ಎಳೆದು, ಕಾರಣದ ಜಾಗದಲ್ಲಿ ಅವಳು ಹೇಳಿದ್ದನ್ನು ಬರೆದರು. ಅದರ ಕೆಳಗೆ, ಒಪ್ಪಿಗೆ ಕೊಟ್ಟವರು ಎಂದು ತಮ್ಮ ಹೆಸರನ್ನೂ ಬರೆದರು.

ಆವತ್ತು ಮಧ್ಯಾಹ್ನ ಓಲೆಗಳ ಮಿಡಿತ ನಿಲ್ಲಿಸಿದರು. ಕುಮುದಿನಿ ಆ ಒಂದು ಮಾತಿನ ಬಣ್ಣ ಬದಲಿಸಿದಳು. ಗೋಡೆಯಲ್ಲಿ ನೂರ ನಲವತ್ತು ದೀಪ ಹಳದಿಯಾದವು. ಅಷ್ಟೂ ಜನಕ್ಕೆ ಅವಳೇ ಫೋನ್ ಮಾಡಿದಳು, ನಾಲ್ಕು ದಿನ ಹಿಡಿಯಿತು. ಪರವಾಗಿಲ್ಲ ಎಂದ ಮೇಲೂ ಫೋನ್ ಇಡಲಿಲ್ಲ. "ಪರವಾಗಿಲ್ಲ ಅಂದ್ರೆ ಹೇಗೆ, ಹೇಳಿ," ಎಂದು ಕಾದಳು. ಕಾದರೆ ಜನ ಹೇಳುತ್ತಾರೆ. ನಂಜನಗೂಡಿನ ಒಬ್ಬ ಟೈಲರಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ. ಇನ್ನೊಬ್ಬಾಕೆಗೆ ಯಾವುದಕ್ಕೂ ಅಳು ಬರುತ್ತಿಲ್ಲ, ತಮ್ಮ ತೀರಿಕೊಂಡಾಗಲೂ ಬರಲಿಲ್ಲ. ಒಬ್ಬ ಅಜ್ಜ ಎಲ್ಲ ಹೇಳಿ ಮುಗಿಸಿ, "ಯಾರೂ ಎರಡನೇ ಸಲ ಕೇಳಿರ್ಲಿಲ್ಲ ನೋಡವ್ವ," ಎಂದ.

ದೊಡ್ಡಮ್ಮನಿಗೆ ಹೇಳುವುದು ಮಾತ್ರ ಉಳಿದಿತ್ತು. ಹೇಳಲು ಕುಮುದಿನಿಗೆ ಹದಿನೈದು ದಿನ ಬೇಕಾಯಿತು.

ಒಂದು ಬೆಳಿಗ್ಗೆ ಜಗಲಿಯ ಬಿಸಿಲಿನಲ್ಲಿ ದೊಡ್ಡಮ್ಮ ನೆನೆಸಿದ ಅವರೆಯನ್ನು ಮೊರಕ್ಕೆ ಹಾಕಿಕೊಂಡು ಕೂತಿದ್ದಳು. ಹಿಸುಕಿದರೆ ಕಾಳು ಬಲಗೈಯಿಂದ ಟಪ್ಪನೆ ಹಾರುತ್ತಿತ್ತು, ಎಡಗೈಯಿಂದ ಜಾರಿ ಬೀಳುತ್ತಿತ್ತು. ಕಿವಿ ಬರಿದಾಗಿತ್ತು. ಹೆದರಿಕೆ ಮರಳಿ ಬಂದಿತ್ತು; ಅಡಿಗೆಮನೆಯ ಮುಚ್ಚಳ ಎರಡು ಸಲ ನೋಡಿ ಬಂದಿದ್ದಳು. ಕುಮುದಿನಿ ಎದುರಿಗೆ ಕೂತಳು.

"ದೊಡ್ಡಮ್ಮ, ಆ ಕೋಟೆ ಕಥೆ ಹೇಳು. ಶಾಲು ಸುತ್ತಿದ ಮೇಲೆ ಏನಾಯ್ತು? ನಾನು ಯಾವತ್ತೂ ಕೇಳಿಸ್ಕೊಂಡಿಲ್ಲ."

"ಶಾಲು ಸುತ್ತುದ್ಲು. ಸುತ್ತಿ..." ದೊಡ್ಡಮ್ಮನ ಕೈ ನಿಧಾನವಾಯಿತು. "ರಾಣಿ ಶಾಲು ಸುತ್ತುದ್ಲು. ಆಮ್ಯಾಕೆ ಒಂದದೆ ಕಣ್ ಮಗ, ಚೆಂದಾಗದೆ ಅದು." ಕಣ್ಣು ಕಿರಿದು ಮಾಡಿಕೊಂಡು ಬೀದಿಯ ಕಡೆ ನೋಡಿದಳು. "ನಮ್ಮವ್ವ ಹೇಳ್ತಿದ್ಲು. ಈಗ ಬರ್ತಿಲ್ಲ."

ಅವ್ವ ಸತ್ತು ಮೂವತ್ತು ವರ್ಷ. ಇನ್ನು ಆ ಕಥೆಯ ಕೊನೆ ಲೋಕದಲ್ಲಿ ಯಾರ ಹತ್ತಿರವೂ ಇಲ್ಲ.

"ದೊಡ್ಡಮ್ಮ, ಆವತ್ತು ಓಲೆ ನಿನ್ನ ಕೇಳ್ದಾಗ ಪರವಾಗಿಲ್ಲ ಅಂದ್ಯಲ್ಲ."

"ಅಂದಿರ್ಬೇಕು. ಇನ್ನೇನ್ ಅಂತೀನಿ."

"ಪರವಾಗಿಲ್ಲ ಅಂದ್ರೆ ಚೆನ್ನಾಗಿದೀನಿ ಅಂತ ಅದಕ್ಕೆ ಹೇಳಿಕೊಟ್ಟಿದ್ದು ನಾನು. ಬೇರೆ ಥರ ಹೇಳಿಕೊಟ್ಟಿದ್ರೆ ಓಲೆ ಅವಾಗ್ಲೇ ನಿಂತೋಗಿ, ನರ್ಸ್ ಫೋನ್ ಮಾಡ್ತಿದ್ರು. ನಿಂಗೆ ಹಿಂಗಾಗ್ತಿರ್ಲಿಲ್ಲ."

ದೊಡ್ಡಮ್ಮ ಒಂದು ಕಾಳು ಹಿಸುಕಿದಳು. ಅದು ಎಡಗೈಯಿಂದ ಜಾರಿತು.

"ನಾ ಹಂಗಂದ್ರೆ ಚೆಂದಾಗಿದೀನಿ ಅಂತಲ್ಲ, ಅದು ನಿಂಗೆ ಗೊತ್ತಿರ್ಲಿಲ್ವಾ ಮಗ?"

"ಗೊತ್ತಿತ್ತು."

"ಗೊತ್ತಿದ್ದೂ ಮಾಡ್ದ್ಯಾ?"

"ಬೇಗ ಆಗ್ಲಿ ಅಂತ. ನಿನ್ ಕಾಲು..." ಕುಮುದಿನಿ ಜಾರಿಬಿದ್ದ ಕಾಳನ್ನು ಎತ್ತಿ ಮೊರಕ್ಕೆ ಹಾಕಿದಳು. "ಹೂಂ. ಗೊತ್ತಿದ್ದೂ ಮಾಡ್ದೆ."

ದೊಡ್ಡಮ್ಮನ ಎರಡು ಕೈಗಳೂ ಮಡಿಲಲ್ಲಿ ನಿಂತವು. ಆಸ್ಪತ್ರೆಯ ಹಾಸಿಗೆ ಬಿಟ್ಟರೆ ಆ ಕೈಗಳು ಸುಮ್ಮನಿದ್ದುದನ್ನು ಕುಮುದಿನಿ ತನ್ನ ಆಯಸ್ಸಿನಲ್ಲಿ ಕಂಡಿರಲಿಲ್ಲ. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಬಂದು, ಕೂಗಿಕೊಂಡು ಹೋದ. ಬಿಸಿಲು ಮೊರದ ಅಂಚು ದಾಟಿತು.

"ಪರವಾಗಿಲ್ಲ ಬಿಡು," ಎಂದಳು ದೊಡ್ಡಮ್ಮ.

ಕುಮುದಿನಿ ಅವಳ ಮುಖ ನೋಡಿದಳು. ತುಟಿ, ಹುಬ್ಬು, ಮಂಜು ಕವಿದ ಎಡಗಣ್ಣು, ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಹನ್ನೊಂದು ಸಾವಿರ ಉತ್ತರಗಳಿಗೆ ಬಣ್ಣ ಕೊಟ್ಟವಳಿಗೆ ಇದೊಂದಕ್ಕೆ ಬಣ್ಣ ಸಿಗಲಿಲ್ಲ.

"ಪರವಾಗಿಲ್ಲ ಅಂದ್ರೆ ಹೇಗೆ ದೊಡ್ಡಮ್ಮ?" ಎಂದಳು. ಕಾದಳು.

ದೊಡ್ಡಮ್ಮ ಮೊರವನ್ನು ಇಬ್ಬರ ನಡುವೆ ಸರಿಸಿ, ತನ್ನ ಎಡಗೈಗೆ ಬಗ್ಗದೆ ಉಳಿದ ಅವರೆಯನ್ನೆಲ್ಲ ಕುಮುದಿನಿಯ ಕಡೆ ನೂಕಿದಳು.